ಗಂಧಗರಿಗೆಯ ಒಡಲು, ಬೀಟೆಯ ಹಲಗೆ

ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಕಟ್ಟಬಹುದೆಂಬ ಧೈರ್ಯ ನಮ್ಮಂಥವರಿಗೆ ಬಂದಿದ್ದರೆ ಅದಕ್ಕೆ ಲಿಯೋ ಫೆಂಡರ್ ಕಾರಣ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಆತ ವಾದ್ಯ ತಯಾರಕರ ಮನೆತನದಿಂದ ಬಂದವನಲ್ಲ. 1950ರಲ್ಲಿ ಆತ ಮಾರುಕಟ್ಟೆಗೆ ತಂದು, ಮರುವರ್ಷದಿಂದ ಟೆಲಿಕಾಸ್ಟರ್ ಎಂಬ ಹೆಸರಿನಲ್ಲಿ ಉಳಿದುಕೊಂಡ ಗಿಟಾರಿನ ಒಡಲು ಚಪ್ಪಟೆಯಾದ ಒಂದು ಮರದ ಹಲಗೆ, ಕತ್ತು ಬೇರೆಯದೇ ಒಂದು ತುಂಡು, ಎರಡನ್ನೂ ಹಿಡಿದಿಡುವುದು ನಾಲ್ಕು ಸ್ಕ್ರೂಗಳು. ಹೀಗಾಗಿ ಕತ್ತು ಸವೆದರೆ ಅದೊಂದನ್ನೇ ಬದಲಾಯಿಸಬಹುದು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೆಟ್ಟರೆ ಬೆಸುಗೆ ಬಿಡಿಸಿ ಇನ್ನೊಂದನ್ನು ಕೂರಿಸಬಹುದು. 1952ರಲ್ಲಿ ಗಿಬ್ಸನ್ ಕಂಪನಿ ತಂದ ಲೆಸ್ ಪಾಲ್ ಗಿಟಾರ್ ಬೇರೆ ಜಾತಿಯದು: ಮಹಾಗನಿಯ ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್ ಹೊದಿಕೆ, ಅಂಟಿನಿಂದ ಶಾಶ್ವತವಾಗಿ ಕೂಡಿಸಿದ ಕತ್ತು, ಪಳಗಿದ ಕೈಯನ್ನು ಬೇಡುವ ಕೆಲಸ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಮರಗೆಲಸ ಕಲಿತದ್ದು ನೋಡಿ ನೋಡಿ. ಆದ್ದರಿಂದ ಶಿವಮೊಗ್ಗದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಟೆಲಿಕಾಸ್ಟರ್ ಆಕಾರದ ಗಿಟಾರನ್ನೇ ಕಟ್ಟಲು ತೀರ್ಮಾನಿಸಿದೆ.

ಗಿಟಾರ್ ಕಟ್ಟುವೆನೆಂದು ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ, ಒಡಲಿಗೆ ಯಾವ ಮರ ಎಂಬುದು. ಆಷ್ ಮರದ್ದು ಗಂಟೆಯಂಥ ನಾದ, ಆಲ್ಡರ್ ಮರದ್ದು ಸಮತೂಕದ ನಾದ, ಮಹಾಗನಿಯದು ಬೆಚ್ಚಗಿನ ನಾದ ಎಂಬ ಮಾತುಗಳು ಗಿಟಾರ್ ವಾದಕರ ನಡುವೆ ದಶಕಗಳಿಂದ ಓಡಾಡುತ್ತಿವೆ. ಅಕೌಸ್ಟಿಕ್ ಗಿಟಾರಿನಲ್ಲೋ ವೀಣೆಯಲ್ಲೋ ಇಂಥ ಮಾತಿಗೆ ಗಟ್ಟಿಯಾದ ಆಧಾರವಿದೆ, ಏಕೆಂದರೆ ಅಲ್ಲಿ ತಂತಿಯ ಕಂಪನವನ್ನು ಪಡೆದು ಗಾಳಿಯನ್ನು ಅಲುಗಿಸಿ ಕಿವಿಗೆ ಮುಟ್ಟಿಸುವುದು ಮರವೇ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸ ಪಿಕಪ್ಪಿನದು. ಪಿಕಪ್ಪಿನ ಆಯಸ್ಕಾಂತಗಳು ಮೇಲಿರುವ ಉಕ್ಕಿನ ತಂತಿಗೆ ಕಾಂತತ್ವ ಕೊಡುತ್ತವೆ, ತಂತಿ ಅಲುಗಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಬದಲಾಗುತ್ತದೆ, ಆ ಬದಲಾವಣೆಯಿಂದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮರಕ್ಕೆ ಈ ಸರಪಣಿಯಲ್ಲಿ ನೇರವಾದ ಪಾತ್ರವಿಲ್ಲ. ತಂತಿಯ ಎರಡು ತುದಿಗಳನ್ನು ಅದು ಎಷ್ಟು ಬಿಗಿಯಾಗಿ ಹಿಡಿದಿದೆ, ಯಾವ ಕಂಪನಗಳನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದರ ಮೂಲಕ ಮಾತ್ರ ಅದರ ಪ್ರಭಾವ. ಆ ಪ್ರಭಾವ ಇಲ್ಲವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಪಿಕಪ್ಪನ್ನು ತಂತಿಗೆ ಒಂದು ಮಿಲಿಮೀಟರ್ ಹತ್ತಿರ ತಂದಾಗ ಕೇಳುವ ವ್ಯತ್ಯಾಸದ ಮುಂದೆ ಒಡಲಿನ ಮರ ತರುವ ವ್ಯತ್ಯಾಸ ಬಹಳ ಚಿಕ್ಕದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾದರೆ ಮರವನ್ನು ಯಾವ ಆಧಾರದ ಮೇಲೆ ಆರಿಸಬೇಕು? ತೂಕ, ತಿರುಚಿಕೊಳ್ಳದ ಸ್ವಭಾವ, ಸ್ಕ್ರೂವನ್ನು ಕಚ್ಚಿ ಹಿಡಿಯುವ ಗುಣ, ಮತ್ತು ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅಳುಕಿಲ್ಲದೆ ಕೊಡಬಹುದಾದ ಉತ್ತರ. ನಾನು ಈ ನಾಲ್ಕನ್ನು ಹಿಡಿದು ಹೊರಟೆ.

ಫೆಂಡರ್ ಕಂಪನಿ ಆಷ್ ಮತ್ತು ಆಲ್ಡರ್ ಮರಗಳನ್ನು ಬಳಸಿದ್ದು ಅವು ಅಮೆರಿಕದಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುತ್ತಿದ್ದವು ಎಂಬ ಕಾರಣಕ್ಕೆ. ಆಷ್ ಮರಗಳನ್ನು ಕೊಲ್ಲುವ ಹಸಿರು ಕೊರಕ ಹುಳುವಿನ ಹಾವಳಿ ಹೆಚ್ಚಿ ಮರದ ಪೂರೈಕೆ ಕುಸಿದಾಗ, 2020ರಲ್ಲಿ ಅದೇ ಕಂಪನಿ ತನ್ನ ಬಹುಪಾಲು ಗಿಟಾರುಗಳಲ್ಲಿ ಆಷ್ ಬಳಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಹತ್ತಿರದಲ್ಲಿ ಸಿಗುವ ಹಗುರವಾದ, ನಂಬಿಕೆಯ ಮರವನ್ನು ಆರಿಸುವುದೇ ಆ ಪರಂಪರೆಯ ನಿಜವಾದ ರೀತಿಯಾಗಿದ್ದರೆ, ಮಲೆನಾಡಿನಲ್ಲಿ ಕುಳಿತವನು ಹಡಗಿನಲ್ಲಿ ಆಲ್ಡರ್ ತರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ನನ್ನ ಆಯ್ಕೆ ಗಂಧಗರಿಗೆ. ಮಹಾಗನಿಯ ಕುಟುಂಬಕ್ಕೇ ಸೇರಿದ, ಕೆಂಪು ಛಾಯೆಯ, ಕೊಯ್ಯುವಾಗ ಸಣ್ಣಗೆ ಪರಿಮಳ ಬೀರುವ ಈ ಮರವನ್ನು ಉತ್ತರ ಭಾರತದವರು ತೂನ್ ಎನ್ನುತ್ತಾರೆ. ಸಿತಾರ್ ತಯಾರಕರು ತಲೆಮಾರುಗಳಿಂದ ನೆಚ್ಚಿಕೊಂಡಿರುವ ಮರಗಳಲ್ಲಿ ಇದೂ ಒಂದು. ನಮ್ಮ ಕಡೆ ಕಾಫಿ ತೋಟಗಳಲ್ಲಿ ನೆರಳಿಗೆಂದು ಇದನ್ನು ಉಳಿಸಿಕೊಂಡಿರುತ್ತಾರೆ.

ತೂಕದ ಲೆಕ್ಕ ಸರಳ. 45 ಮಿಲಿಮೀಟರ್ ದಪ್ಪದ ಟೆಲಿಕಾಸ್ಟರ್ ಒಡಲಿನ ಗಾತ್ರ ಹೆಚ್ಚು ಕಡಿಮೆ 4 ಲೀಟರ್. ಗಂಧಗರಿಗೆ ಘನಮೀಟರಿಗೆ ಸುಮಾರು 500 ಕಿಲೋ ತೂಗುವುದರಿಂದ ಒಡಲು 2 ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಒಡಲನ್ನು ಬೀಟೆಯಲ್ಲಿ ಮಾಡಿದರೆ 3 ಕಿಲೋ ದಾಟುತ್ತದೆ. ಬೀಟೆಯಲ್ಲೇ ಇಡೀ ಟೆಲಿಕಾಸ್ಟರ್ ಮಾಡಿದ್ದೂ ಉಂಟು: ಫೆಂಡರ್ ಕಂಪನಿ ಜಾರ್ಜ್ ಹ್ಯಾರಿಸನ್ನಿಗೆಂದು ಮಾಡಿಕೊಟ್ಟ ಅಂಥದೊಂದು ಗಿಟಾರನ್ನು ಆತ 1969ರ ಜನವರಿ 30ರಂದು ಲಂಡನ್ನಿನ ಕಟ್ಟಡವೊಂದರ ತಾರಸಿಯ ಮೇಲೆ ಬೀಟಲ್ಸ್ ತಂಡದೊಂದಿಗೆ ನುಡಿಸಿದ. ನೋಡಲು ಅದು ಬಹಳ ಸುಂದರ. ಆದರೆ ಎರಡು ಗಂಟೆ ಹೆಗಲ ಮೇಲೆ ಹೊರಬೇಕಾದವನು ತೂಕವನ್ನು ಮರೆಯಲಾಗದು.

ಮರ ಸಿಕ್ಕಿತೆಂದರೆ ಮರ ಸಿದ್ಧವಾಯಿತೆಂದಲ್ಲ. ತೀರ್ಥಹಳ್ಳಿ ಕಡೆಯ ತೋಟವೊಂದರಿಂದ ಅನುಮತಿ ಪಡೆದು ಉರುಳಿಸಿದ ಮರದ ಹಲಗೆಗಳು ಪರಿಚಯದ ಆಚಾರ್ರ ಕೊಟ್ಟಿಗೆಯಲ್ಲಿ ಅಡ್ಡಪಟ್ಟಿಗಳ ಮೇಲೆ, ಒಂದಕ್ಕೊಂದು ತಾಗದಂತೆ ಪೇರಿಸಿಕೊಂಡಿದ್ದವು. ನಾನು ಎರಡನ್ನು ಆರಿಸಿ ತೆಗೆದಿಟ್ಟಾಗ ಅವರು ತೂಕ ನೋಡುವವರಂತೆ ಒಂದನ್ನು ಕೈಯಲ್ಲಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, "ಇದು ಇನ್ನೊಂದು ಮಳೆಗಾಲ ನೋಡ್ಲಿ ಮಾರಾಯ್ರೆ, ಆಮೇಲೆ ಕೊಯ್ಯುವ" ಎಂದರು. "ಆಚಾರ್ರೇ, ಒಣಗಿದ ಹಾಗೇ ಕಾಣ್ತದಲ್ಲ" ಎಂದದ್ದಕ್ಕೆ, "ಮೇಲಿಂದ ಒಣಗಿದೆ" ಎಂದಷ್ಟೇ ಹೇಳಿ ಹಲಗೆಯನ್ನು ಪುನಃ ಅದರ ಜಾಗದಲ್ಲಿಟ್ಟರು. ಅವರ ಮಾತಿನ ಹಿಂದಿನ ವಿಜ್ಞಾನ ಸ್ಪಷ್ಟ. ನೆರಳಿನಲ್ಲಿ ಗಾಳಿಗೆ ಒಣಗುವ ಮರಕ್ಕೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ಒಣಗಿದ ಮೇಲೂ ಮರ ಗಾಳಿಯೊಂದಿಗೆ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 40 ಇದ್ದಾಗ ಮರದೊಳಗಿನ ನೀರಿನಂಶ ಶೇಕಡಾ 8ರ ಹತ್ತಿರ ನಿಲ್ಲುತ್ತದೆ, 80 ಇದ್ದಾಗ 16ರ ಹತ್ತಿರಕ್ಕೆ ಏರುತ್ತದೆ. ನಮ್ಮ ಊರಿನ ಮಾರ್ಚಿಗೂ ಜುಲೈಗೂ ಇರುವ ಅಂತರ ಅದೇ. ನೀರು ಕುಡಿದ ಮರ ಉದ್ದಕ್ಕೆ ಬೆಳೆಯುವುದಿಲ್ಲವೆನ್ನಬಹುದು, ಅಗಲಕ್ಕೆ ಉಬ್ಬುತ್ತದೆ. ಉಬ್ಬು ಎಲ್ಲ ಕಡೆ ಒಂದೇ ಸಮನಾಗಿ ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಹಲಗೆಗಳು ಆ ಮಳೆಗಾಲವನ್ನು ಕೊಟ್ಟಿಗೆಯಲ್ಲೇ ಕಳೆದವು.

ಒಡಲಿನಲ್ಲಿ ಸಣ್ಣ ತಿರುಚು ಬಂದರೆ ವಾದಕನ ಅರಿವಿಗೇ ಬಾರದೆ ಹೋಗಬಹುದು. ಕತ್ತಿನಲ್ಲಿ ಹಾಗಲ್ಲ. ಸಾಧಾರಣ ದಪ್ಪದ ಆರು ತಂತಿಗಳನ್ನು 648 ಮಿಲಿಮೀಟರ್ ಉದ್ದಕ್ಕೆ ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಸುಮಾರು 47 ಕಿಲೋ ಭಾರದಷ್ಟು ಬಲದಿಂದ ಕತ್ತನ್ನು ಎಳೆಯುತ್ತವೆ. ಎರಡು ಸೆಂಟಿಮೀಟರಿನಷ್ಟೇ ದಪ್ಪವಿರುವ ಕಡ್ಡಿಯೊಂದು ಹಗಲಿರುಳು ಆ ಎಳೆತವನ್ನು ತಾಳಿಕೊಳ್ಳಬೇಕು. ಅದರೊಳಗೆ ಹುದುಗಿಸುವ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮೆಕ್‌ಹ್ಯೂ ಎಂಬಾತನ ಕಲ್ಪನೆ, 1920ರ ದಶಕದ್ದು. ಸರಳಿನ ತುದಿಯನ್ನು ಅಲೆನ್ ಕೀಯಿಂದ ತಿರುಗಿಸಿದರೆ ಕತ್ತು ತಂತಿಗಳ ಎಳೆತಕ್ಕೆ ಎದುರಾಗಿ ಹಿಂದಕ್ಕೆ ಬಾಗುತ್ತದೆ. ಆದರೂ ಸರಳನ್ನು ನಂಬಿ ಕೆಟ್ಟ ಮರ ಹಾಕಬಾರದು, ಏಕೆಂದರೆ ಅದು ಬಾಗನ್ನು ತಿದ್ದಬಲ್ಲದು, ತಿರುಚನ್ನು ತಿದ್ದಲಾರದು. ಕತ್ತಿಗೆ ಬೇಕಾದ ಮರದ ತುದಿಯನ್ನು ನೋಡಿದಾಗ ವಾರ್ಷಿಕ ಉಂಗುರಗಳ ಗೆರೆಗಳು ನೆಟ್ಟಗೆ ನಿಂತಿರಬೇಕು, ಪಕ್ಕದಿಂದ ನೋಡಿದಾಗ ನಾರು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಹೊರಗೋಡದೆ ಸಾಗಬೇಕು. ಇಲ್ಲಿ ಮಾತ್ರ ನಾನು ಆಮದು ಮಾಡಿದ ಮೇಪಲ್ಲನ್ನೇ ಕೊಂಡೆ. ಇಡೀ ಗಿಟಾರಿನಲ್ಲಿ ಹಣವನ್ನು ಹಿಡಿತವಿಲ್ಲದೆ ಖರ್ಚು ಮಾಡಬೇಕಾದ ಒಂದೇ ಜಾಗವಿದ್ದರೆ ಅದು ಕತ್ತು.

ಕತ್ತಿನ ಮೇಲೆ ಅಂಟಿಸುವ ಬೆರಳು ಹಲಗೆಗೆ ಬೀಟೆ ಬಿಟ್ಟು ಬೇರೇನನ್ನೂ ನಾನು ಯೋಚಿಸಲಿಲ್ಲ. ಫೆಂಡರ್ ಗಿಟಾರುಗಳಿಗೆ ಬೀಟೆಯ ಬೆರಳು ಹಲಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಆಗ ಬಳಸುತ್ತಿದ್ದದ್ದು ಬ್ರೆಜಿಲ್ ದೇಶದ ಬೀಟೆ. ಅದರ ಪೂರೈಕೆ ಬಿಗಿಯಾದಾಗ, 1960ರ ದಶಕದಲ್ಲಿ, ಅಮೆರಿಕದ ತಯಾರಕರು ಭಾರತದ ಬೀಟೆಯ ಕಡೆ ತಿರುಗಿದರು. ಜಗತ್ತಿನ ಎಷ್ಟೋ ಪ್ರಸಿದ್ಧ ವಾದಕರ ಬೆರಳುಗಳ ಕೆಳಗೆ ಪಶ್ಚಿಮ ಘಟ್ಟದ ಮರವಿದೆ ಎಂಬುದು ನನಗೆ ಹೆಮ್ಮೆಯನ್ನೂ ಆತಂಕವನ್ನೂ ಒಟ್ಟಿಗೇ ತರುವ ಸಂಗತಿ. ಬ್ರೆಜಿಲ್ ಬೀಟೆಯ ವ್ಯಾಪಾರವನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ 1992ರಲ್ಲಿ ಹೆಚ್ಚೂ ಕಡಿಮೆ ನಿಷೇಧಿಸಿತು. 2017ರ ಜನವರಿ 2ರಿಂದ ನಮ್ಮ ಬೀಟೆಯೂ ಸೇರಿದಂತೆ ಅದರ ಕುಲದ ಉಳಿದ ಎಲ್ಲ ಪ್ರಭೇದಗಳು ನಿಯಂತ್ರಣದ ಪಟ್ಟಿಗೆ ಬಂದವು; ಗಿಟಾರ್ ಕಂಪನಿಗಳು ತಬ್ಬಿಬ್ಬಾಗಿ ದಕ್ಷಿಣ ಅಮೆರಿಕದ ಪಾವ್ ಫೆರೋ ಮುಂತಾದ ಮರಗಳನ್ನು ಹುಡುಕಿದವು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು, ಆದರೆ ಮರದ ಮೇಲಿನ ನಿಯಂತ್ರಣ ಉಳಿಯಿತು. ಅದು ಉಳಿಯಬೇಕಾದದ್ದೇ. ಚೇಗು ಕಟ್ಟಿ ಬಲಿಯಲು ಬೀಟೆಗೆ ಹಲವು ದಶಕಗಳು ಬೇಕು, ಮತ್ತು ಕಳ್ಳಸಾಗಣೆಯವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಕರ್ನಾಟಕದಲ್ಲಿ ಸ್ವಂತ ಜಮೀನಿನ ಬೀಟೆಯನ್ನು ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು; "ಒಂದು ಸಣ್ಣ ತುಂಡು ತಾನೆ" ಎಂದು ದಾಖಲೆಯಿಲ್ಲದ ಮರ ಕೊಡಲು ಬರುವವರಿಂದ ವಾದ್ಯ ಕಟ್ಟುವವರು ದೂರ ನಿಲ್ಲಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಬೆರಳು ಹಲಗೆಗೆ ಬೇಕಾದದ್ದು ಅರ್ಧ ಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲ, ಆರು ಮಿಲಿಮೀಟರ್ ದಪ್ಪದ ಪಟ್ಟಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಲು ಮುರಿದು ಅಟ್ಟ ಸೇರಿದ ಬೀಟೆಯ ಮಂಚಗಳಿಗೆ ಕೊರತೆಯಿಲ್ಲ. ನಮ್ಮ ಚಿಕ್ಕಪ್ಪನ ಮನೆಯಲ್ಲಿದ್ದ ಅಂಥ ಮಂಚದ ಪಕ್ಕದ ಅಡ್ಡೆಯಿಂದ ನನ್ನ ಪಟ್ಟಿ ಬಂತು. ಮೇಲಿನ ಹಳೆಯ ಪಾಲಿಶನ್ನು ಕೀಸುಳಿಯಿಂದ ತೆಗೆದಾಗ ಒಳಗಿನ ನೇರಳೆ ಛಾಯೆಯ ಕಂದು, ಅದರ ನಡುವೆ ಮಸಿಯಂಥ ಗೆರೆಗಳು, ಆ ಸಿಹಿಯಾದ ವಾಸನೆ, ಎಲ್ಲವೂ ನಿನ್ನೆ ಕೊಯ್ದ ಮರದಷ್ಟೇ ತಾಜಾ ಆಗಿದ್ದವು. ತಲೆಮಾರುಗಳ ಕಾಲ ಬೇಸಿಗೆ ಮಳೆಗಾಲಗಳನ್ನು ಕಂಡ ಅಂಥ ಮರ ಇನ್ನು ತಿರುಚಿಕೊಳ್ಳುವ ಭಯ ಕಡಿಮೆ. ಬೀಟೆಯ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ, ಆದ್ದರಿಂದ ಈ ಕೆಲಸವನ್ನು ಮಾಸ್ಕ್ ಇಲ್ಲದೆ ಮಾಡಬಾರದು.

ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ತಯಾರಕನು ಕಿವಿಯಿಂದ ಸ್ವರಸ್ಥಾನವನ್ನು ನೋಡಿ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ ಒತ್ತಬಲ್ಲ. ಗಿಟಾರಿಗೆ ಆ ಸೌಲಭ್ಯವಿಲ್ಲ. ಇಲ್ಲಿ ಮೆಟ್ಟಿಲಿನ, ಅಂದರೆ ಬೆರಳು ಹಲಗೆಯಲ್ಲಿ ಹುದುಗಿಸುವ ಲೋಹದ ಫ್ರೆಟ್ಟಿನ ಜಾಗ ಲೆಕ್ಕದಿಂದಲೇ ನಿರ್ಧಾರವಾಗಬೇಕು, ಗರಗಸ ಒಮ್ಮೆ ಇಳಿದ ಮೇಲೆ ಬದಲಿಸುವಂತಿಲ್ಲ. ಸಪ್ತಕವನ್ನು ಹನ್ನೆರಡು ಸಮ ಅನುಪಾತಗಳಾಗಿ ಒಡೆದರೆ, ಉಳಿದ ತಂತಿಯ ಉದ್ದವನ್ನು ಪ್ರತಿ ಬಾರಿಯೂ 17.817ರಿಂದ ಭಾಗಿಸುತ್ತ ಹೋಗಬೇಕು, ಬಂದ ಭಾಗಲಬ್ಧವೇ ಮುಂದಿನ ಫ್ರೆಟ್ಟಿಗಿರುವ ದೂರ: 648 ಮಿಲಿಮೀಟರಿನ ತಂತಿಗೆ ಮೊದಲ ಫ್ರೆಟ್ 36.37ರಲ್ಲಿ, ಎರಡನೆಯದು 70.70ರಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 324ರಲ್ಲಿ. ಒಂದು ಫ್ರೆಟ್ಟಿನಿಂದ ಮುಂದಿನದನ್ನು ಅಳೆಯುತ್ತ ಹೋದರೆ ಸಣ್ಣ ವ್ಯತ್ಯಾಸಗಳು ಕೂಡಿಕೊಳ್ಳುತ್ತವೆ, ಆದ್ದರಿಂದ ಎಲ್ಲ ಅಳತೆಗಳನ್ನೂ ಒಂದೇ ತುದಿಯಿಂದ ತೆಗೆಯಬೇಕು. ಸೀಳಿನ ಅಗಲ 0.6 ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಫ್ರೆಟ್ ತಂತಿ ನಿಕಲ್ ಬೆರೆತ ಲೋಹ, ನಮ್ಮ ಪಾತ್ರೆ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎಂದು ಕರೆಯುವುದರ ಜಾತಿಯದೇ. ಸ್ಟೇನ್‌ಲೆಸ್ ಉಕ್ಕಿನದು ಹೆಚ್ಚು ಬಾಳುತ್ತದೆ, ಆದರೆ ಅರವನ್ನು ಬೇಗ ತಿನ್ನುತ್ತದೆ.

ಫ್ರೆಟ್ಟುಗಳನ್ನು ಒತ್ತಿ ಕೂರಿಸಿದ ಮೇಲಿನ ಕೆಲಸದಲ್ಲೇ ಗಿಟಾರಿನ ಗುಣ ತೀರ್ಮಾನವಾಗುವುದೆಂದು ನನಗೆ ಮನವರಿಕೆಯಾಗಿದೆ. ಎಲ್ಲ ಫ್ರೆಟ್ಟುಗಳ ನೆತ್ತಿಗೂ ಕಪ್ಪು ಮಾರ್ಕರ್ ಬಳಿದು, ಕತ್ತನ್ನು ನೇರ ಮಾಡಿ, ಉಪ್ಪುಕಾಗದ ಅಂಟಿಸಿದ ನೇರವಾದ ಲೋಹದ ಪಟ್ಟಿಯನ್ನು ಭಾರ ಹಾಕದೆ ಅವುಗಳ ಮೇಲೆ ಉದ್ದಕ್ಕೆ ಎಳೆಯಬೇಕು. ಎತ್ತರವಿದ್ದ ಫ್ರೆಟ್ಟಿನಲ್ಲಿ ಮಸಿ ಮೊದಲು ಅಳಿದು ಬೆಳ್ಳಗಿನ ಗೆರೆ ಮೂಡುತ್ತದೆ, ತಗ್ಗಿನದರಲ್ಲಿ ಮಸಿ ಹಾಗೇ ಕುಳಿತಿರುತ್ತದೆ. ನನ್ನ ಹಲಗೆಯಲ್ಲಿ ಐದನೆಯ ಫ್ರೆಟ್ಟಿನ ತಾರ ತಂತಿಯ ಪಕ್ಕದಲ್ಲಿ ಅಕ್ಕಿಕಾಳಿನುದ್ದದ ಕಪ್ಪು ಕೊನೆಯವರೆಗೂ ಉಳಿಯಿತು. ಅದು ಹೋಗುವ ತನಕ ಉಳಿದ ಎಲ್ಲವನ್ನೂ ಇಳಿಸಬೇಕಾಯಿತು. ಆಮೇಲೆ ಚಪ್ಪಟೆಯಾದ ನೆತ್ತಿಗಳನ್ನು ಬಾಗಿದ ಅರದಿಂದ ಮತ್ತೆ ದುಂಡಗೆ ಮಾಡಿ, ನಡುವೆ ದಾರದಷ್ಟು ತೆಳ್ಳಗಿನ ಮಸಿ ಗೆರೆ ಮಾತ್ರ ಉಳಿಸಿ, ತುದಿಗಳನ್ನು ಅಂಗೈ ಜಾರಿಸಿದರೂ ಚುಚ್ಚದಂತೆ ಉಜ್ಜಿ, ಕನ್ನಡಿಯಂತಾಗುವವರೆಗೆ ಪಾಲಿಶ್ ಹಿಡಿಯಬೇಕು. ಬೇಸಿಗೆಯಲ್ಲಿ ಬೆರಳು ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಕಟ್ಟಿದ ಗಿಟಾರಿನ ಫ್ರೆಟ್ ತುದಿಗಳು ಏಪ್ರಿಲ್ ಹೊತ್ತಿಗೆ ಹೊರಗೆ ಇಣುಕಿ ಕೈಗೆ ತಾಗುವುದು ಇದೇ ಕಾರಣಕ್ಕೆ. ಆದ್ದರಿಂದ ತುದಿಗಳ ಕೊನೆಯ ಅರಗೆಲಸವನ್ನು ಒಣ ತಿಂಗಳುಗಳಿಗೆ ಇಟ್ಟುಕೊಳ್ಳುವುದು ಮೇಲು.

ಪಿಕಪ್ಪುಗಳನ್ನು ನಾನೇ ಸುತ್ತಿದೆ. 0.063 ಮಿಲಿಮೀಟರ್ ವ್ಯಾಸದ, ಎನಾಮಲ್ ಲೇಪದ ತಾಮ್ರದ ತಂತಿಯನ್ನು ಆರು ಆಯಸ್ಕಾಂತಗಳ ಸುತ್ತ ಏಳೆಂಟು ಸಾವಿರ ಸುತ್ತು ಸುತ್ತಿದರೆ ರೋಧ ಆರೇಳು ಕಿಲೋ ಓಮ್ ಬರುತ್ತದೆ. ಆದರೆ ಪಿಕಪ್ಪಿನ ಸ್ವರಗುಣವನ್ನು ಆ ಒಂದು ಸಂಖ್ಯೆಯಿಂದ ಅಳೆಯುವವರು ಮುಖ್ಯವಾದದ್ದನ್ನು ಬಿಟ್ಟುಬಿಡುತ್ತಾರೆ. ಸುರುಳಿಯ ಇಂಡಕ್ಟೆನ್ಸ್ ಮತ್ತು ಆಂಪ್ಲಿಫೈಯರಿನವರೆಗಿನ ಕೇಬಲ್ಲಿನ ಕೆಪ್ಯಾಸಿಟೆನ್ಸ್ ಸೇರಿ ಒಂದು ಅನುರಣನ ಮಂಡಲವಾಗುತ್ತದೆ, ಅಂದರೆ ಒಂದು ಆವರ್ತನದ ಆಸುಪಾಸಿನ ಸದ್ದನ್ನು ಮಿಕ್ಕವುಗಳಿಗಿಂತ ಎತ್ತಿ ಕೊಡುತ್ತದೆ: 2.5 ಹೆನ್ರಿಯ ಸುರುಳಿಗೆ ಒಟ್ಟು 600 ಪಿಕೋಫ್ಯಾರಡ್ ಕೂಡಿದರೆ ಅದರ ಶಿಖರ 4 ಕಿಲೋಹರ್ಟ್ಸ್ ಸುಮಾರಿಗೆ, ಅಂದರೆ ಕಿವಿ ಬಹಳ ಚುರುಕಾಗಿರುವ ಜಾಗಕ್ಕೇ ಬೀಳುತ್ತದೆ. ಉದ್ದನೆಯ ಕೇಬಲ್ ಹಾಕಿದರೆ ಶಿಖರ ಕೆಳಗಿಳಿದು ನಾದ ಮಂದವಾಗುತ್ತದೆ, ಧ್ವನಿ ಏರಿಸಿ ಇಳಿಸುವ 250 ಕಿಲೋ ಓಮಿನ ಪೊಟೆನ್ಷಿಯೋಮೀಟರಿನ ಬದಲು 500ರದ್ದು ಹಾಕಿದರೆ ಶಿಖರ ಚೂಪಾಗುತ್ತದೆ. ಮರದ ಬಗ್ಗೆ ಸಂಜೆಯೆಲ್ಲ ಚರ್ಚಿಸುವ ಗೆಳೆಯರಿಗೆ ನಾನು ಮೂರು ಮೀಟರಿನ ಕೇಬಲ್ಲನ್ನೂ ಹತ್ತು ಮೀಟರಿನ ಕೇಬಲ್ಲನ್ನೂ ಒಂದಾದ ಮೇಲೊಂದು ಚುಚ್ಚಿ ಕೇಳಿಸುತ್ತೇನೆ. ವ್ಯತ್ಯಾಸ ಎಲ್ಲರಿಗೂ ತಿಳಿಯುತ್ತದೆ.

ಒಂಟಿ ಸುರುಳಿಯ ಪಿಕಪ್ ಮನೆಯ ವಿದ್ಯುತ್ ತಂತಿಗಳ 50 ಹರ್ಟ್ಸಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಅದನ್ನು ರದ್ದುಪಡಿಸಲೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ರೂಪಿಸಿದ. ನಾನು ಒಂದು ಪಿಕಪ್ಪನ್ನು ಇನ್ನೊಂದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತಿ, ಆಯಸ್ಕಾಂತಗಳ ಧ್ರುವವನ್ನೂ ತಿರುಗಿಸಿದ್ದೇನೆ. ಎರಡೂ ಒಟ್ಟಿಗೆ ಚಾಲೂ ಇದ್ದಾಗ ಗದ್ದಲ ಅಡಗುತ್ತದೆ. ಪಿಕಪ್ ಕೂರುವ ಗುಳಿಗಳಿಗೆ ತಾಮ್ರದ ಹಾಳೆ ಹೊದಿಸಿ ಅದನ್ನು ಗ್ರೌಂಡಿಗೆ ಸೇರಿಸಿದರೆ ಚರಪರ ಸದ್ದು ಇಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಜೋಡಣೆಯಾಗಿರುತ್ತವೆ. ನಮ್ಮ ಹಳೆಯ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ರಂಧ್ರಕ್ಕೆ ತಂತಿಯೇ ಇರುವುದಿಲ್ಲ, ಇದ್ದರೂ ಅರ್ಥಿಂಗ್ ಗುಂಡಿ ಒಣಗಿ ವರ್ಷಗಳಾಗಿರುತ್ತವೆ. ಆಂಪ್ಲಿಫೈಯರ್ ಕೆಟ್ಟ ದಿನ ಆ ತಂತಿಗಳನ್ನು ಹಿಡಿದಿರುವುದು ನಮ್ಮ ಕೈ. ಗಿಟಾರಿಗೆ ಖರ್ಚು ಮಾಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಇದ್ದಿಲು, ಉಪ್ಪು ತುಂಬಿದ ಗುಂಡಿಯನ್ನು ಸರಿಪಡಿಸಿಕೊಳ್ಳಬೇಕು.

ಒಡಲಿಗೆ ಅರಗಿನ ಪಾಲಿಶ್ ಹಿಡಿಸಿದೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ, ಪದರದ ಮೇಲೆ ಪದರ ಒರೆಸುತ್ತ ಹೋದಂತೆ ಗಂಧಗರಿಗೆಯ ಕೆಂಪು ಒಳಗಿನಿಂದ ಎದ್ದು ಬರುತ್ತದೆ. ಬೆವರಿಗೂ ಬಿಸಿಗೂ ಅರಗು ಪಾಲಿಯುರಿಥೇನಿನಷ್ಟು ಗಟ್ಟಿಯಲ್ಲ, ಆದರೆ ಗೀರು ಬಿದ್ದ ಜಾಗಕ್ಕೆ ಅದೇ ಉಂಡೆಯಿಂದ ಮತ್ತೆ ಒರೆಸಿದರೆ ಹೊಸ ಪದರ ಹಳೆಯದರಲ್ಲಿ ಕರಗಿ ಒಂದಾಗುತ್ತದೆ. ಕತ್ತಿನ ಮೇಪಲ್ಲಿಗೆ ಕುದಿಸಿದ ಅಗಸೆ ಎಣ್ಣೆ ಸಾಕಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು, ಅದನ್ನು ಬಿಡಿಸಿ ಹೊರಗೆ ಹರವಿಯೇ ಒಣಗಿಸಬೇಕು. ಬೀಟೆ ತನ್ನದೇ ಜಿಡ್ಡಿರುವ ಮರವಾದ್ದರಿಂದ ಅದಕ್ಕೆ ಏನನ್ನೂ ಬಳಿಯಲಿಲ್ಲ.

ತಂತಿ ಏರಿಸಿದ ಮೇಲೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಮಂದ್ರ ತಂತಿಯ ಎತ್ತರವನ್ನು 1.6 ಮಿಲಿಮೀಟರಿಗೆ, ಕತ್ತಿನ ನಡುವಿನ ಬಾಗನ್ನು 0.2 ಮಿಲಿಮೀಟರಿಗೆ ತಂದು, ಕತ್ತಿನ ಮೇಲ್ತುದಿಯಲ್ಲಿ ತಂತಿಗಳನ್ನು ಹಿಡಿಯುವ ಮೂಳೆಯ ಪಟ್ಟಿಯ, ಅಂದರೆ ನಟ್ಟಿನ, ಕಚ್ಚುಗಳನ್ನು ಒಂದೊಂದಾಗಿ ಇಳಿಸಿದೆ. ದಪ್ಪ ತಂತಿಯನ್ನು ಒತ್ತಿದಾಗ ಅದರ ಶ್ರುತಿ ಲೆಕ್ಕಕ್ಕಿಂತ ತುಸು ಏರುವುದರಿಂದ, ಅದರ ಕುದುರೆಯನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಬೇಕು. ವೀಣೆಯವರು ಮೇಣದಲ್ಲಿ ಮಾಡಿಕೊಳ್ಳುವ ತಿದ್ದುಪಡಿಯನ್ನು ಗಿಟಾರಿನವರು ಕುದುರೆಯ ಸ್ಕ್ರೂವಿನಲ್ಲಿ ಮಾಡಿಕೊಳ್ಳುತ್ತಾರೆ. ಮೊದಲ ಮಳೆಗಾಲದಲ್ಲಿ ಕತ್ತು ಸ್ವಲ್ಪ ಸರಿಯಿತು, ಸರಳಿಗೆ ಕಾಲು ಸುತ್ತು ಕೊಟ್ಟೊಡನೆ ಸರಿಹೋಯಿತು. ಈಗ ನನ್ನ ತಲೆಯಲ್ಲಿರುವ ಪ್ರಶ್ನೆ ಆಮದು ಮೇಪಲ್ಲಿನ ಬದಲು ಕತ್ತಿಗೆ ಯಾವ ಮರ ಎಂಬುದು. ತೋಟಗಳಲ್ಲಿ ನೆಟ್ಟು ಬೆಳೆಸಿದ ಮಹಾಗನಿಯಲ್ಲಿ ಉಂಗುರಗಳು ನೆಟ್ಟಗೆ ನಿಂತ ಮೂರು ಪಟ್ಟಿಗಳನ್ನು ಆರಿಸಿ, ನಡುವಿನದರ ನಾರು ತಿರುಗುಮುರುಗಾಗುವಂತೆ ಅಂಟಿಸಿ, ಒಂದು ತುದಿಯನ್ನು ಬೆಂಚಿಗೆ ಬಿಗಿದು ಇನ್ನೊಂದಕ್ಕೆ ಭಾರ ತೂಗುಹಾಕಿದ್ದೇನೆ. ತಿಂಗಳಿಗೊಮ್ಮೆ ಬಾಗನ್ನು ಅಳೆದು ಗೋಡೆಯ ಮೇಲೆ ಬರೆಯುತ್ತಿದ್ದೇನೆ.